ಹಳದಿ ಲೆನ್ಸೋ, ಬಣ್ಣವಿಲ್ಲದ ಲೆನ್ಸೋ: ನಾನು ಆರಿಸುವ ಬಗೆ

ನಾನು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದಾಗ, ಪೊರೆ ತೆಗೆದು ಕಣ್ಣೊಳಗೆ ಕೂರಿಸುವ ಕೃತಕ ಲೆನ್ಸಿನ ಬಣ್ಣದ ಪ್ರಶ್ನೆಯೇ ಇರಲಿಲ್ಲ; ನಮ್ಮ ಕೈಗೆ ಸಿಗುತ್ತಿದ್ದುದು ಪಿಎಂಎಂಎ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ, ಬಣ್ಣವಿಲ್ಲದ ಲೆನ್ಸ್ ಒಂದೇ. ಈಗ ಬಾಗಲಕೋಟೆ ಜಿಲ್ಲೆಯ ನನ್ನ ಚಿಕಿತ್ಸಾಲಯಕ್ಕೆ ಬರುವವರಲ್ಲಿ ಕೆಲವರು ಕುರ್ಚಿಯಲ್ಲಿ ಕೂರುವ ಮೊದಲೇ "ಡಾಕ್ಟ್ರ, ನನಗ ಹಳದಿ ಲೆನ್ಸ್ ಹಾಕ್ರಿ, ಅದು ಕಣ್ಣಿನ ನರಕ್ಕ ಚೊಲೋ ಅಂತ" ಎನ್ನುತ್ತಾರೆ. ಈ ಮಾತಿನಲ್ಲಿ ಎಷ್ಟು ಹುರುಳಿದೆ ಎಂಬುದನ್ನು ಓದಿನಿಂದಲೂ ರೋಗಿಗಳನ್ನು ಕೇಳಿಯೂ ತಿಳಿದುಕೊಳ್ಳಲು ಯತ್ನಿಸಿದ್ದೇನೆ.

ನಮ್ಮ ಸಹಜ ಮಸೂರವು ಎಳವೆಯಲ್ಲಿ ಬಹುಮಟ್ಟಿಗೆ ತಿಳಿಯಾಗಿದ್ದು, ನಡುವಯಸ್ಸಿನಿಂದ ಮುಂದೆ ಹಳದಿಗೆ ತಿರುಗುತ್ತ, ಪೊರೆ ಬಲಿತಾಗ ಕಂದುಬಣ್ಣವನ್ನೂ ತಾಳುತ್ತದೆ. ನೇರಳಾತೀತ ಕಿರಣಗಳನ್ನು ತಡೆಯುವುದೂ ಅದರ ಕೆಲಸಗಳಲ್ಲೊಂದು. ಇದೇ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಪೊರೆ ತೆಗೆಯುತ್ತಿದ್ದ ಕಾಲದಲ್ಲಿ ಸಾಮಾನ್ಯವಾಗಿ ಕಣ್ಣೊಳಗೆ ಏನನ್ನೂ ಇಡುತ್ತಿರಲಿಲ್ಲ. ರೋಗಿ ದಪ್ಪ ಕನ್ನಡಕ ಹಾಕಿಕೊಳ್ಳಬೇಕಾಗಿತ್ತು, ಮತ್ತು ಆ ತಡೆ ಕಣ್ಣಿನಿಂದ ಹೋಗಿಯೇಬಿಡುತ್ತಿತ್ತು. ಹೆರಾಲ್ಡ್ ರಿಡ್ಲಿ ಅವರು 1949ರಲ್ಲಿ ಲಂಡನ್ನಿನಲ್ಲಿ ಮೊದಲ ಕೃತಕ ಮಸೂರವನ್ನು ಕೂರಿಸಿದ ಮೇಲೂ ನೇರಳಾತೀತದ ತಡೆಯ ಮಟ್ಟಿಗೆ ಹಲವು ದಶಕ ಇದೇ ಸ್ಥಿತಿ ಇತ್ತು. 1980ರ ದಶಕದಲ್ಲಿ ನೇರಳಾತೀತ ಕಿರಣ ಹೀರುವ ವಸ್ತುವನ್ನು ಲೆನ್ಸಿನಲ್ಲಿ ಸೇರಿಸುವುದು ರೂಢಿಗೆ ಬಂತು. ಆದ್ದರಿಂದ ಇಂದು ನಾವು ಬಳಸುವ ಬಣ್ಣವಿಲ್ಲದ ಲೆನ್ಸ್ ಕೂಡ ನೇರಳಾತೀತವನ್ನು ತಡೆಯುತ್ತದೆ ಎಂಬುದನ್ನು ರೋಗಿಗೆ ಮೊದಲು ಹೇಳುತ್ತೇನೆ, ಏಕೆಂದರೆ ಹೆಚ್ಚಿನವರ ಭಯ ಇದರ ಕುರಿತೇ ಇರುತ್ತದೆ.

ಉಳಿಯುವ ವ್ಯತ್ಯಾಸ 400ರಿಂದ 500 ನ್ಯಾನೋಮೀಟರ್ ತರಂಗಾಂತರದ ನೇರಳೆ ಮತ್ತು ನೀಲಿ ಬೆಳಕಿನದು. ಅಮೆರಿಕದಲ್ಲಿ 2003ರಲ್ಲಿ ಅನುಮೋದನೆ ಪಡೆದ ಹಳದಿ ಲೆನ್ಸು ಈ ಬೆಳಕಿನ ಒಂದಂಶವನ್ನು ಹೀರಿಕೊಳ್ಳುತ್ತದೆ, ಪೂರ್ತಿ ತಡೆಯುವುದಿಲ್ಲ. ಪ್ರಯೋಗಾಲಯದಲ್ಲಿ ತೀವ್ರವಾದ ನೀಲಿ ಬೆಳಕು, ಬೆಳಕನ್ನು ಗ್ರಹಿಸುವ ಕಣ್ಣಿನ ಒಳಪದರವಾದ ರೆಟಿನಾದ ಕೋಶಗಳಿಗೆ ಹಾನಿ ಮಾಡುವುದು ಕಂಡುಬಂದಿದ್ದರಿಂದ, ಇಂಥ ಲೆನ್ಸು ಮುಪ್ಪಿನಲ್ಲಿ ಬರುವ ಮ್ಯಾಕ್ಯುಲಾದ (ರೆಟಿನಾದ ನಡುಭಾಗದ) ಸವೆತವನ್ನು ತಡೆದೀತು ಎಂಬ ಊಹೆ ಹುಟ್ಟಿತು. ಊಹೆ ಅಸಂಗತವಲ್ಲ, ಆದರೆ 2018ರಲ್ಲಿ ಪ್ರಕಟವಾದ, ಕೊಕ್ರೇನ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆಯ ವಿಮರ್ಶೆಯು ಅದುವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ದೃಷ್ಟಿಯ ಸ್ಪಷ್ಟತೆಯಲ್ಲಿ ಎರಡು ಲೆನ್ಸುಗಳ ನಡುವೆ ಗಣ್ಯ ವ್ಯತ್ಯಾಸ ಕಾಣಲಿಲ್ಲ. ಮ್ಯಾಕ್ಯುಲಾದ ರಕ್ಷಣೆಯ ಬಗ್ಗೆ ತೀರ್ಮಾನಕ್ಕೆ ಬರುವಷ್ಟು ಪುರಾವೆಯೂ ಸಿಗಲಿಲ್ಲ. ಇದರ ಎದುರು ಪಕ್ಷದ ವಾದವೂ ಇದೆ: ಮಂದ ಬೆಳಕಿನಲ್ಲಿ ಕೆಲಸ ಮಾಡುವ ಕಣ್ಣಿನ ದಂಡಕೋಶಗಳು 505 ನ್ಯಾನೋಮೀಟರ್ ಆಸುಪಾಸಿನ ಬೆಳಕಿಗೂ, ದೇಹದ ಹಗಲಿರುಳಿನ ಲಯವನ್ನು ಕಾಯುವ ಕೋಶಗಳು 480ರ ಆಸುಪಾಸಿನ ಬೆಳಕಿಗೂ ಹೆಚ್ಚು ಸ್ಪಂದಿಸುವುದರಿಂದ, ಹಳದಿ ಲೆನ್ಸು ಇವೆರಡಕ್ಕೂ ಸ್ವಲ್ಪ ಕೊರತೆ ಮಾಡಬಹುದು ಎಂಬುದು. ಲೆಕ್ಕದಲ್ಲಿ ಇದು ನಿಜ. ಆದರೆ ಅದರಿಂದ ನಿದ್ರೆ ಕೆಟ್ಟಿತೆಂದು ನನ್ನ ರೋಗಿಗಳಲ್ಲಿ ಯಾರೂ ಹೇಳಿಲ್ಲ.

ನನಗೆ ಹೆಚ್ಚು ಕಲಿಸಿದವರು ಒಂದು ಕಣ್ಣಿಗೆ ಒಂದು ಬಗೆಯ, ಇನ್ನೊಂದಕ್ಕೆ ಇನ್ನೊಂದು ಬಗೆಯ ಲೆನ್ಸ್ ಹಾಕಿಸಿಕೊಂಡು ಬಂದವರು. ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ವರ್ಷಗಳಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಇದು ಅಪರೂಪವೇನಲ್ಲ. ಅಂಥವರು ಬಂದಾಗ ನಾನು ಕಿಟಕಿಯ ಬೆಳಕಿನಲ್ಲಿ ಒಗೆದ ಬಿಳಿ ಪಂಚೆಯೊಂದನ್ನು ಹಿಡಿದು, ಒಂದೊಂದೇ ಕಣ್ಣು ಮುಚ್ಚಿ ನೋಡಲು ಹೇಳುತ್ತೇನೆ. ಹಳದಿ ಲೆನ್ಸಿನ ಕಣ್ಣಿಗೆ ಪಂಚೆ ಕೊಂಚ ಕೆನೆಬಣ್ಣವಾಗಿಯೂ, ಇನ್ನೊಂದಕ್ಕೆ ಟ್ಯೂಬ್‌ಲೈಟಿನ ಬೆಳಕು ಬಿದ್ದಂತೆಯೂ ಕಾಣುವುದೆಂದು ಬಹಳ ಜನ ಹೇಳುತ್ತಾರೆ. ಆದರೆ ಎರಡೂ ಕಣ್ಣು ತೆರೆದೊಡನೆ ಆ ವ್ಯತ್ಯಾಸ ಮಾಯವಾಗುತ್ತದೆ, ಮತ್ತು ನಾನು ಕೇಳುವವರೆಗೆ ಅದನ್ನು ಗಮನಿಸಿಯೇ ಇರಲಿಲ್ಲವೆಂದು ನಗುವವರೇ ಹೆಚ್ಚು. "ಈ ಕಣ್ಣು ಮಂಜು" ಎಂದು ದೂರಿದವರಲ್ಲಿ ಕಾರಣ ಹುಡುಕಿದಾಗ ಸಿಕ್ಕಿದ್ದು ಲೆನ್ಸಿನ ಹಿಂದಿನ ಪರದೆ ಮಸುಕಾದದ್ದು, ಸರಿಪಡಿಸದೆ ಉಳಿದ ಸಿಲಿಂಡರ್ ಪವರ್ (ಕಣ್ಣು ಎಲ್ಲ ದಿಕ್ಕಿಗೂ ಸಮನಾಗಿ ಬಾಗಿರದ ದೋಷ), ಅಥವಾ ಕಣ್ಣು ಒಣಗುವಿಕೆ. ಬಣ್ಣದ ತಪ್ಪು ಎನ್ನಬಹುದಾದದ್ದು ಬಹಳ ವಿರಳ.

ಬಣ್ಣದ ನೋಟವನ್ನು ಪರೀಕ್ಷಿಸುವಾಗ ಒಂದು ಎಚ್ಚರಿಕೆ ಬೇಕು. ಎಲ್ಲ ಕಡೆ ಸಿಗುವ, ಬಣ್ಣದ ಚುಕ್ಕೆಗಳ ನಡುವೆ ಅಂಕಿ ಗುರುತಿಸುವ ಇಶಿಹಾರಾ ಪುಸ್ತಕ ಕೆಂಪು-ಹಸಿರಿನ ದೋಷಕ್ಕೆ ಸಂಬಂಧಿಸಿದ್ದು. ನೀಲಿಯ ಬಗ್ಗೆ ಅದು ಏನನ್ನೂ ಹೇಳದು. ಫಾರ್ನ್ಸ್‌ವರ್ತ್-ಮನ್ಸೆಲ್ ಪರೀಕ್ಷೆ ಸರಿಯಾದದ್ದು, ಆದರೆ ಅದರ 85 ಬಣ್ಣದ ಬಿಲ್ಲೆಗಳನ್ನು ಛಾಯೆಯ ಕ್ರಮದಲ್ಲಿ ವೃದ್ಧರಿಂದ ಜೋಡಿಸಿಸುವಷ್ಟರಲ್ಲಿ ಅವರೂ ನಾನೂ ದಣಿದಿರುತ್ತೇವೆ. ಆದ್ದರಿಂದ ಇಳಕಲ್ಲಿನ ನೇಕಾರರು ಬಂದಾಗ ಅವರದೇ ನೂಲಿನ ಉಂಡೆಗಳನ್ನು ತರಲು ಹೇಳುತ್ತೇನೆ. ಚಂದ್ರಕಾಳಿ ಸೀರೆಯ ಕಪ್ಪನ್ನೂ ಕಡುನೀಲಿಯನ್ನೂ ಮೊದಲು ಹಗಲಿನಲ್ಲಿ, ಆಮೇಲೆ ಮಬ್ಬು ಬೆಳಕಿನಲ್ಲಿ ಬೇರ್ಪಡಿಸಿ ಎಂದಾಗ, ಹಗಲಿನಲ್ಲಿ ಎರಡೂ ಬಗೆಯ ಲೆನ್ಸಿನವರು ತಡವರಿಸದೆ ಬೇರ್ಪಡಿಸುತ್ತಾರೆ. ಮಬ್ಬಿನಲ್ಲಿ ಹಳದಿ ಲೆನ್ಸಿನವರು ಕೆಲವೊಮ್ಮೆ ಉಂಡೆಯನ್ನು ಬಾಗಿಲಿನ ಕಡೆ ಒಯ್ಯುತ್ತಾರೆ. ಇದು ಶಾಸ್ತ್ರೀಯ ಅಧ್ಯಯನವಲ್ಲ, ಆದರೆ ಆ ಮಗ್ಗದ ಮುಂದೆ ಕೂರುವವರಿಗೆ ಯಾವ ಲೆನ್ಸು ಹಾಕಲಿ ಎಂದು ನಿರ್ಧರಿಸಲು ನನಗೆ ಸಾಕಾಗಿದೆ: ಬಣ್ಣವಿಲ್ಲದ್ದು. ರಾತ್ರಿ ಲಾರಿ ಓಡಿಸುವವರಿಗೂ, ಮಸುಕು ಬೆಳಕಿನಲ್ಲಿ ಮೊದಲೇ ತೊಂದರೆಪಡುವ ರೆಟಿನಾದ ಕಾಯಿಲೆಯವರಿಗೂ ಅದನ್ನೇ ಹಾಕುತ್ತೇನೆ.

ಬಣ್ಣವಿಲ್ಲದ ಲೆನ್ಸ್ ಹಾಕಿಸಿಕೊಂಡವರು ಮೊದಲ ಕೆಲವು ವಾರ ಎಲ್ಲವೂ ನೀಲಿಯಾಗಿ ಕಾಣುತ್ತದೆಂದು ಗಾಬರಿಯಾಗುವುದುಂಟು. ವರ್ಷಗಟ್ಟಲೆ ಕಂದು ಮಸೂರದ ಮೂಲಕ ನೋಡಿದ ಮಿದುಳು ಹೊಸ ಬೆಳಕಿಗೆ ಹೊಂದಿಕೊಳ್ಳುವವರೆಗೆ ಇದು ಸಹಜ. ಹಳದಿ ಲೆನ್ಸಿನಲ್ಲಿ ಇದು ಕಡಿಮೆ. ಮೊದಲೇ ತಿಳಿಸಿದ್ದರೆ ಅವರು ಹೆದರುವುದಿಲ್ಲ. ಬಿಸಿಲಿನ ಝಳ ತಡೆಯದವರಿಗೆ, ಮೊದಲಿನಿಂದಲೂ ಬೆಳಕು ಚುಚ್ಚುತ್ತದೆ ಎನ್ನುವವರಿಗೆ ಹಳದಿಯನ್ನು ನಾನಾಗಿಯೇ ಸೂಚಿಸುವುದೂ ಇದೆ. ಮೊಬೈಲಿನ ನೀಲಿ ಬೆಳಕಿನ ಭಯಕ್ಕಾಗಿ ಹಳದಿ ಕೇಳುವವರಿಗೆ ಮಾತ್ರ, ನಮ್ಮ ಬಯಲುಸೀಮೆಯ ಮಧ್ಯಾಹ್ನ ಕೊಡುವ ನೀಲಿ ಬೆಳಕಿನ ಮುಂದೆ ಮೊಬೈಲಿನದು ಲೆಕ್ಕಕ್ಕಿಲ್ಲವೆಂದೂ, ಹೊಲಕ್ಕೆ ಹೋಗುವಾಗ ತಂಪು ಕನ್ನಡಕ ಹಾಕಿ ಸಂಜೆ ತೆಗೆದಿಡಬಹುದು, ಕಣ್ಣೊಳಗಿನ ಲೆನ್ಸನ್ನು ಹಾಗೆ ತೆಗೆದಿಡಲಾಗದೆಂದೂ ಹೇಳುತ್ತೇನೆ. ರೆಟಿನಾದ ರಕ್ಷಣೆಯ ಹೆಸರಿನಲ್ಲಿ ಹಳದಿ ಲೆನ್ಸಿಗೆ ಹೆಚ್ಚು ಹಣ ಕೇಳುವುದು ನನ್ನ ಮಟ್ಟಿಗೆ ಸರಿಯಲ್ಲ.

ಎರಡನೆಯ ಕಣ್ಣಿನ ಶಸ್ತ್ರಚಿಕಿತ್ಸೆಯಾದರೆ, ಬೇರೆ ಬಲವಾದ ಕಾರಣ ಇಲ್ಲದಿದ್ದಲ್ಲಿ, ಮೊದಲನೆಯದಕ್ಕೆ ಹೊಂದುವ ಲೆನ್ಸನ್ನೇ ಹಾಕುತ್ತೇನೆ. ಅದಕ್ಕೆ ಹಳೆಯ ಲೆನ್ಸ್ ಯಾವುದೆಂದು ತಿಳಿಯಬೇಕು. ಪಾಪೆ ಅಗಲಿಸಿ ಸ್ಲಿಟ್ ಲ್ಯಾಂಪ್ ಎಂಬ ಕಣ್ಣಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೂ ತೆಳು ಹಳದಿ ಸುಲಭಕ್ಕೆ ಗೊತ್ತಾಗದು. ಡಬ್ಬಿಯೊಳಗೆ ಬರುವ ಚೀಟಿಯಲ್ಲಿ ಮಾದರಿಯ ಸಂಖ್ಯೆಯೂ ಪವರೂ ಇರುತ್ತವೆ, ಆದರೆ ಆ ಚೀಟಿ ಹೆಚ್ಚಿನವರ ಬಳಿ ಉಳಿದಿರುವುದಿಲ್ಲ. ಆದ್ದರಿಂದ ನಾನು ಚೀಟಿಯನ್ನು ಬಿಡುಗಡೆ ಪತ್ರಕ್ಕೆ ಅಂಟಿಸುವುದರ ಜೊತೆಗೆ, ಅದರ ಕೆಳಗೆ "ಹಳದಿ" ಅಥವಾ "ಬಣ್ಣವಿಲ್ಲದ್ದು" ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆದು, ಮನೆಯವರ ಫೋನಿನಲ್ಲಿ ಅದರ ಫೋಟೊ ತೆಗೆಸಿಯೇ ಕಳುಹಿಸುತ್ತೇನೆ.