ಆಲೆಮನೆ ಬೆಲ್ಲ ಮೈಸೂರಿನ ಅಂಗಡಿ ಸೇರಬೇಕಾದರೆ

ಮಂಡ್ಯದ ಅಚ್ಚುಬೆಲ್ಲ ಅಂಗಡಿಯಿಂದ ವಾಪಸ್ ಬಂದರೆ ರುಚಿಯನ್ನು ಅನುಮಾನಿಸುವ ಮೊದಲು ಕವರ್ ನೋಡಿ. ಬಿಸಿ ಆರದ ಅಚ್ಚನ್ನು ಸೀಲ್ ಮಾಡಿದರೆ ಒಳಗಿನ ಹಬೆ ನೀರಾಗಿ ಕೂರುತ್ತದೆ, ಬೆಲ್ಲ ಬೆವರುತ್ತದೆ, ಆಮೇಲೆ ಬೂಷ್ಟು. ಒಂದು ರಾತ್ರಿ ಆರಲು ಬಿಡಿ. ಕೊಪ್ಪರಿಗೆಯ ಪಕ್ಕದಲ್ಲಂತೂ ಪ್ಯಾಕಿಂಗ್ ಬೇಡವೇ ಬೇಡ. ಬೆಲ್ಲ ಗಾಳಿಯ ತೇವವನ್ನೂ ಹೀರುತ್ತದೆ.

ಇದಕ್ಕೆ ಬೇರೆ ಕೊಠಡಿ ಬೇಕು. ಸ್ವಂತ ಕಟ್ಟುವ ಆತುರ ಯಾಕೆ? ಪಕ್ಕದ ಆಲೆಮನೆಯವರ ಜೊತೆ ಒಂದು ಕೊಠಡಿ, ಒಂದು ಸೀಲರ್, ಒಂದು ತಕ್ಕಡಿ ಹಂಚಿಕೊಳ್ಳಿ. ವಾರದ ದಿನಗಳು, ಕರೆಂಟ್ ಬಿಲ್, ರಿಪೇರಿ ಖರ್ಚು ಯಾರದ್ದೆಂದು ಕಾಗದದಲ್ಲಿ ಬರೆದಿಡಿ. ಆದರೆ ಲೇಬಲ್ ಹಂಚಿಕೊಳ್ಳಬೇಡಿ: ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಕೊಡುವ 14 ಅಂಕಿಯ ಸಂಖ್ಯೆ, ಬ್ಯಾಚ್, ತಯಾರಿಸಿದ ದಿನಾಂಕ, ನಿವ್ವಳ ತೂಕ, ಎಂಆರ್‌ಪಿ, ಹಸಿರು ಚುಕ್ಕೆ ಎಲ್ಲವೂ ನಿಮ್ಮದೇ ಆಗಿರಲಿ.

ವಾಟ್ಸ್‌ಆ್ಯಪ್ ಬಿಸಿನೆಸ್‌ನ ಕ್ಯಾಟಲಾಗ್‌ನಲ್ಲಿ 1 ಕೆಜಿ, 5 ಕೆಜಿ ಪ್ಯಾಕ್‌ಗಳನ್ನು ಬೇರೆಬೇರೆಯಾಗಿ ಹಾಕಿ, ದರ ಅಲ್ಲೇ ಬರೆಯಿರಿ. ‘ರೇಟ್ ಎಷ್ಟಣ್ಣ?’ ಎಂಬ ಫೋನುಗಳು ಅರ್ಧ ಕಡಿಮೆಯಾದರೂ ಲಾಭವೇ. ಫೋಟೊ ಬೆಳಗಿನ ಬಿಸಿಲಲ್ಲಿ ತೆಗೆಯಿರಿ. ಟ್ಯೂಬ್‌ಲೈಟಿನಲ್ಲಿ ಬೆಲ್ಲದ ಬಣ್ಣ ಸುಳ್ಳು ಹೇಳುತ್ತದೆ.

ದೊಡ್ಡ ಅಂಗಡಿಗೆ ಸಾಲದಲ್ಲಿ ಮಾಲು ಕೊಡುವ ಮುನ್ನ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ, ಮಾಡಿಸಿ. ಆಧಾರ್, ಪ್ಯಾನ್ ಸಾಕು, ಶುಲ್ಕವಿಲ್ಲ; ದುಡ್ಡು ಕೇಳುವವರು ದಲ್ಲಾಳಿಗಳು. ನೋಂದಾಯಿತ ಸಣ್ಣ ತಯಾರಕರಿಗೆ ಖರೀದಿದಾರರು ಲಿಖಿತ ಒಪ್ಪಂದವಿದ್ದರೂ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಅಚ್ಚಾಗಿರಲಿ, ಮಾಲು ಇಳಿಸಿದ ದಿನವೇ ಸಹಿ, ಸೀಲು ಹಾಕಿಸಿಕೊಳ್ಳಿ.