ನೋಟನ್ನು ಮೊದಲು ಬೆರಳಿಂದ ನೋಡಿ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನಮ್ಮದೊಂದು ಅಂಗಡಿ ಇದೆ. ಅಡಿಕೆ, ಕಾಳುಮೆಣಸು ಕೊಳ್ಳುತ್ತೇವೆ. ಗೊಬ್ಬರ, ಹಗ್ಗ, ಹಿಂಡಿ ಮಾರುತ್ತೇವೆ. ಗಲ್ಲಾಪೆಟ್ಟಿಗೆಯ ಹಿಂದೆ ನಾನು ಕೂತು 18 ವರ್ಷ ಆಯಿತು. ದುಡ್ಡು ಕೊಡುವುದೂ ನನ್ನ ಕೈಯಲ್ಲೇ, ತೆಗೆದುಕೊಳ್ಳುವುದೂ ನನ್ನ ಕೈಯಲ್ಲೇ.

ಕೆಲವು ವರ್ಷದ ಹಿಂದೆ, ಆಟಿ ತಿಂಗಳ ಒಂದು ಸಂಜೆ. ಜೋರು ಮಳೆ, ಕರೆಂಟಿಲ್ಲ. ಬಾಗಿಲು ಹಾಕುವ ಹೊತ್ತಿಗೆ ಒಬ್ಬರು ಬಂದು ಗೊಬ್ಬರ ತೆಗೆದುಕೊಂಡು 500ರ ನೋಟುಗಳನ್ನು ಕೊಟ್ಟು ಹೋದರು. ಮೊಬೈಲಿನ ಬೆಳಕಿನಲ್ಲಿ ನೋಟು ಎಣಿಸಿದೆ. ಎಣಿಸಿದೆ ಅಷ್ಟೇ, ನೋಡಲಿಲ್ಲ.

ನಮ್ಮ ಮನೆಯಲ್ಲಿ ರಾತ್ರಿ ನೋಟು ವಿಂಗಡಿಸಿ ಕಟ್ಟು ಹಾಕುವುದು ಅಪ್ಪನ ಕೆಲಸ. ಅಪ್ಪನಿಗೆ ಗ್ಲಾಕೋಮಾದಿಂದ ಕಣ್ಣು ಪೂರ್ತಿ ಹೋಗಿದೆ. ಹೆಬ್ಬೆರಳಲ್ಲಿ ನೋಟಿನ ಅಂಚು ಸವರಿ ನೂರು, ಇನ್ನೂರು, ಐನೂರು ಬೇರೆ ಬೇರೆ ಇಡುತ್ತಾರೆ. ಆ ರಾತ್ರಿ ಮೂರು ನೋಟು ಮಾತ್ರ ಕೈಯಲ್ಲೇ ಉಳಿದವು. "ಇದರಲ್ಲಿ ಗೆರೆಯೇ ಇಲ್ಲವಲ್ಲ ಮಗಾ, ಇದು ಎಷ್ಟರದ್ದು?" ಅಂದರು. ನಾನು ದೀಪದ ಹತ್ತಿರ ಹಿಡಿದು ನೋಡಿದೆ. ಮೂರೂ 500ರ ಹೊಸ ನೋಟಿನ ಹಾಗೇ ಇದ್ದವು. ಆದರೆ ಮೂರರಲ್ಲೂ ನಂಬರ್ ಒಂದೇ. ಮೂರೂ ನಕಲಿ. 1500 ರೂಪಾಯಿ ಹೋಯಿತು.

ನಕಲಿ ನೋಟು ಗುರುತಿಸಲು ಅಂದಿನಿಂದ ನಾನು ಮಾಡುತ್ತಿರುವುದನ್ನೇ ಇಲ್ಲಿ ಬರೆಯುತ್ತೇನೆ. ದೊಡ್ಡ ಮೆಷಿನ್ ಏನೂ ಬೇಡ. ಒಂದು ನೋಟಿಗೆ ಮೂರು ಸೆಕೆಂಡ್ ಸಾಕು. ಒಂದೇ ಮಾತು: ಕೊಟ್ಟವರು ಎದುರಿಗೆ ಇರುವಾಗಲೇ ನೋಡಿ. ಅವರು ರಸ್ತೆ ದಾಟಿದ ಮೇಲೆ ಆ ನೋಟು ನಿಮ್ಮದೇ.

ಮೊದಲು ಬೆರಳು. 500ರ ನೋಟನ್ನು ಎದುರಿಗೆ ಹಿಡಿಯಿರಿ. ಎಡ ಮತ್ತು ಬಲ ಅಂಚಿನಲ್ಲಿ ಓರೆಯಾಗಿ 5 ಗೆರೆಗಳಿವೆ. ಉಗುರು ತಾಗಿದರೆ ಸಣ್ಣಗೆ ತರತರ ಅನ್ನುತ್ತದೆ. 200ರಲ್ಲಿ 4 ಗೆರೆ, ನಡುವೆ ಎರಡು ಸಣ್ಣ ವೃತ್ತ. ನೇರಳೆ ಬಣ್ಣದ ಹೊಸ 100ರಲ್ಲಿ ಬರೀ 4 ಗೆರೆ. ಬಲಗಡೆ ಅಶೋಕ ಸ್ತಂಭದ ಹತ್ತಿರ ಇನ್ನೊಂದು ಉಬ್ಬು ಗುರುತಿದೆ: 500ಕ್ಕೆ ವೃತ್ತ, 200ಕ್ಕೆ ಇಂಗ್ಲಿಷಿನ ಎಚ್ ಆಕಾರ, 100ಕ್ಕೆ ತ್ರಿಕೋನ. ಕಣ್ಣು ಕಾಣದವರಿಗೆಂದೇ ಇವನ್ನು ಇಟ್ಟಿದ್ದಾರೆ. ಆದರೆ ಕಣ್ಣಿದ್ದವರೂ ಇದನ್ನು ಕಲಿತರೆ ಲಾಭ ಜಾಸ್ತಿ. ಕತ್ತಲಲ್ಲೂ ಕೆಲಸ ಮಾಡುವ ಪರೀಕ್ಷೆ ಇದೊಂದೇ ಅಲ್ವಾ?

ಗಾಂಧೀಜಿಯ ಚಿತ್ರವನ್ನೂ ಸವರಿ. ಅದೂ ಉಬ್ಬಿರುತ್ತದೆ. ಕೆತ್ತಿದ ಅಚ್ಚಿನ ಗೀರುಗಳಲ್ಲಿ ಶಾಯಿ ತುಂಬಿ, ಬಹಳ ಒತ್ತಡದಲ್ಲಿ ಕಾಗದಕ್ಕೆ ಒತ್ತುತ್ತಾರೆ. ಅದಕ್ಕೇ ಶಾಯಿ ಕಾಗದದ ಮೇಲೆ ಎದ್ದು ನಿಲ್ಲುತ್ತದೆ. ಮನೆಯ ಪ್ರಿಂಟರಿನಲ್ಲಿ ಶಾಯಿ ಚಪ್ಪಟೆಯಾಗಿ ಹರಡುತ್ತದೆ, ಬೆರಳಿಗೆ ಏನೂ ಸಿಗುವುದಿಲ್ಲ. ಒಂದು ಎಚ್ಚರಿಕೆ ಹೇಳುತ್ತೇನೆ. ಮೀನು ಮಾರ್ಕೆಟು, ಬಸ್ಸು ಎಲ್ಲ ಸುತ್ತಿ ಬಂದ ಹಳೇ ನೋಟಿನಲ್ಲಿ ಈ ಉಬ್ಬು ಸವೆದಿರುತ್ತದೆ. ಉಬ್ಬಿಲ್ಲ ಅಂದ ಮಾತ್ರಕ್ಕೆ ನಕಲಿ ಅನ್ನಬೇಡಿ. ಗರಿಗರಿ ಹೊಸ ನೋಟಿನಲ್ಲಿ ಉಬ್ಬಿಲ್ಲದಿದ್ದರೆ ಮಾತ್ರ ಕಿವಿ ನೆಟ್ಟಗಾಗಬೇಕು.

ಕಾಗದದ ಮಾತೂ ಹಾಗೇ. ನೋಟಿನ ಕಾಗದ ಹತ್ತಿಯದು. ಒದ್ದೆಯಾಗಿ ಒಣಗಿದರೂ ಮುದ್ದೆಯಾಗುವುದಿಲ್ಲ, ಬೆರಳಲ್ಲಿ ತಟ್ಟಿದರೆ ಚಟ್ ಅಂತ ಶಬ್ದ ಬರುತ್ತದೆ. ಆ ಕಾಗದ ಮಾಡುವ ಒಂದು ಗಿರಣಿ ಮೈಸೂರಿನಲ್ಲೇ ಇದೆ. ನೋಟು ಅಚ್ಚಾಗುವ ನಾಲ್ಕು ಮುದ್ರಣಾಲಯಗಳಲ್ಲೂ ಒಂದು ಅಲ್ಲಿನದೇ. ಉಳಿದವು ನಾಸಿಕ್, ದೇವಾಸ್, ಸಾಲ್ಬೋನಿ. ನಮ್ಮ ಅಂಗಡಿಯಲ್ಲಿ ಅಡಿಕೆಯನ್ನು ಚಾಲಿ, ಪಟೋರ, ಕರಿಗೋಟು ಅಂತ ದರ್ಜೆ ಮಾಡಿ ವಿಂಗಡಿಸುವ ಹೆಂಗಸರು ಅದನ್ನು ಕೈಗೆ ತೆಗೆದುಕೊಂಡ ಕೂಡಲೇ ತೂಕದಲ್ಲೇ ಯಾವುದು ಅಂತ ಹೇಳುತ್ತಾರೆ. ನೋಟೂ ಹಾಗೇ. ದಿನಾ 50 ಒಳ್ಳೆ ನೋಟು ಗಮನವಿಟ್ಟು ಮುಟ್ಟಿ. ತಿಂಗಳಲ್ಲಿ ಬೆರಳು ಕಲಿಯುತ್ತದೆ.

ಎರಡನೆಯದು, ಓರೆ ಮಾಡಿ ನೋಡುವುದು. ನಾನು ಅತಿ ಹೆಚ್ಚು ನಂಬುವುದು ಇದನ್ನೇ. 500ರ ನೋಟಿನಲ್ಲಿ ನಿಲುವಾಗಿ ಒಂದು ಹೊಳೆಯುವ ಪಟ್ಟಿ ಬಿಟ್ಟುಬಿಟ್ಟು ಕಾಣುತ್ತದೆ. ಅದೇ ಭದ್ರತಾ ಎಳೆ. ಅದರ ಮೇಲೆ ಹಿಂದಿಯಲ್ಲಿ 'ಭಾರತ' ಅಂತಲೂ ಇಂಗ್ಲಿಷಿನಲ್ಲಿ 'ಆರ್‌ಬಿಐ' ಅಂತಲೂ ಇದೆ. ನೇರ ನೋಡಿದರೆ ಹಸಿರು. ನೋಟನ್ನು ಬಗ್ಗಿಸಿ ನೋಡಿದರೆ ನೀಲಿ. ಬಲಗಡೆ ಕೆಳಗೆ ರೂಪಾಯಿ ಚಿಹ್ನೆಯ ಜೊತೆ ಇರುವ ದೊಡ್ಡ 500 ಅಂಕಿಯೂ ಹೀಗೇ ಹಸಿರಿಂದ ನೀಲಿಗೆ ತಿರುಗುತ್ತದೆ. 200ರಲ್ಲೂ ಎಳೆ, ಅಂಕಿ ಎರಡೂ ತಿರುಗುತ್ತವೆ. ಹೊಸ 100ರಲ್ಲಿ ಎಳೆ ಮಾತ್ರ ತಿರುಗುತ್ತದೆ, ಅಂಕಿ ಇಲ್ಲ. ಇದು ಗೊತ್ತಿಲ್ಲದೆ ಒಳ್ಳೆಯ ನೂರರ ನೋಟನ್ನೇ ವಾಪಸ್ ಕೊಟ್ಟವರಿದ್ದಾರೆ.

ನನಗೆ ಬಂದ ಆ ಮೂರು ನೋಟಿನಲ್ಲಿ ಎಳೆಯ ಜಾಗದಲ್ಲಿ ಹಸಿರು ಮಿಂಚಿನ ಬಣ್ಣ ಬಳಿದಿದ್ದರು. ಮಿಂಚುತ್ತಿತ್ತು, ನಿಜ. ಆದರೆ ಯಾವ ಕಡೆ ತಿರುಗಿಸಿದರೂ ಹಸಿರೇ. ನಕಲಿ ಮಾಡುವವರಿಗೆ ಹೊಳಪು ತರುವುದು ಸುಲಭ, ಬಣ್ಣ ಬದಲಾಗುವಂತೆ ಮಾಡುವುದು ಕಷ್ಟ. ಹಾಗಾಗಿ ಹೊಳಪು ನೋಡಬೇಡಿ, ಬದಲಾವಣೆ ನೋಡಿ.

ಮೂರನೆಯದು ಬೆಳಕು. ಬಿಸಿಲಿಗೋ ಬಲ್ಬಿಗೋ ಎದುರು ಹಿಡಿಯಿರಿ. ಬಲಗಡೆಯ ಬಿಳಿ ಜಾಗದಲ್ಲಿ ಗಾಂಧೀಜಿಯ ಮುಖ, ಪಕ್ಕದಲ್ಲಿ 500 ಅಂಕಿ ಮೂಡಬೇಕು. ಇದು ಶಾಯಿಯಲ್ಲ. ಕಾಗದ ಮಾಡುವಾಗಲೇ ಕೆಲವು ಕಡೆ ತೆಳ್ಳಗೆ, ಕೆಲವು ಕಡೆ ದಪ್ಪ ಬಿಟ್ಟಿರುತ್ತಾರೆ. ಅದಕ್ಕೇ ಮುಖದಲ್ಲಿ ನೆರಳು ಬೆಳಕು ನಯವಾಗಿ ಬೆರೆತಿರುತ್ತದೆ. ನಕಲಿಯಲ್ಲಿ ಬೂದು ಶಾಯಿಯಲ್ಲಿ ಮುಖ ಒತ್ತಿರುತ್ತಾರೆ. ಅದನ್ನು ಕಂಡುಹಿಡಿಯಲು ನೋಟನ್ನು ಮೇಜಿನ ಮೇಲೆ ಮಲಗಿಸಿ. ಅಸಲಿಯಲ್ಲಿ ಆ ಜಾಗ ಹೆಚ್ಚುಕಡಿಮೆ ಖಾಲಿ ಕಾಣುತ್ತದೆ. ಮಲಗಿಸಿದಾಗಲೂ ಮುಖ ಢಾಳಾಗಿ ಕಂಡರೆ ಅದು ಶಾಯಿ. ಬೆಳಕಿಗೆ ಹಿಡಿದಾಗ ಬಿಟ್ಟುಬಿಟ್ಟು ಕಾಣುತ್ತಿದ್ದ ಎಳೆಯೂ ಒಂದೇ ಉದ್ದ ಗೆರೆಯಾಗಬೇಕು.

ಅಳತೆಯೂ ಒಂದು ದಾರಿ. 500, 200, 100ರ ಹೊಸ ನೋಟುಗಳ ಎತ್ತರ ಒಂದೇ, 66 ಮಿಲಿಮೀಟರ್. ಉದ್ದ 150, 146, 142. ಕಟ್ಟನ್ನು ಮೇಜಿಗೆ ಕುಟ್ಟಿ ಸಮ ಮಾಡಿದಾಗ ಒಂದು ನೋಟು ಹೊರಗೆ ಇಣುಕಿದರೆ ಎಳೆದು ನೋಡಿ.

ನಂಬರಿನ ವಿಷಯದಲ್ಲಿ ಸ್ವಲ್ಪ ನಿಧಾನಿಸಿ. ಮೇಲೆ ಎಡಗಡೆ, ಕೆಳಗೆ ಬಲಗಡೆ ನಂಬರ್ ಇರುತ್ತದೆ. ಅಂಕಿಗಳು ಎಡದಿಂದ ಬಲಕ್ಕೆ ದೊಡ್ಡದಾಗುತ್ತಾ ಹೋಗಬೇಕು. ಎರಡೂ ಕಡೆ ನಂಬರ್ ಒಂದೇ ಇರಬೇಕು. ಟೇಪು ಅಂಟಿಸಿದ ನೋಟು ಬಂದಾಗ ನಾನು ಮೊದಲು ನೋಡುವುದು ಇದನ್ನೇ. ಎರಡು ಬೇರೆ ಬೇರೆ ನೋಟಿನ ತುಂಡು ಜೋಡಿಸಿ ಒಂದು ಮಾಡಿ ಕೊಡುವವರಿದ್ದಾರೆ. ಇನ್ನು ಎರಡು ನೋಟಿಗೆ ಒಂದೇ ನಂಬರ್ ಇದ್ದರೆ ನಕಲಿ ಅಂತ ಕೂಡಲೇ ತೀರ್ಮಾನಿಸಬೇಡಿ. ಹಿಂದೆ ಎಡಗಡೆ ಇರುವ ಮುದ್ರಣದ ವರ್ಷವೋ, ನಂಬರ್ ಹತ್ತಿರದ ಒಂಟಿ ಅಕ್ಷರವೋ, ಗವರ್ನರ್ ಸಹಿಯೋ ಬೇರೆ ಇದ್ದರೆ ಅದೇ ನಂಬರ್ ಬರಲು ಸಾಧ್ಯ. ಎಲ್ಲವೂ ಒಂದೇ ಆದರೆ ಮಾತ್ರ ಸಾಧ್ಯವಿಲ್ಲ. ನನ್ನ ಮೂರರಲ್ಲಿ ಎಲ್ಲವೂ ಒಂದೇ ಇತ್ತು.

ಹಿಂಬದಿಯಲ್ಲಿ 15 ಭಾಷೆಗಳ ಪಟ್ಟಿ ಇದೆ. ಅದರಲ್ಲಿ ನಾಲ್ಕನೆಯದು ಕನ್ನಡ, ಏಳನೆಯದು ಮಲಯಾಳ. ನಮ್ಮೂರಲ್ಲಿ ಎರಡನ್ನೂ ಓದುವವರು ಬೇಕಾದಷ್ಟು ಜನ ಇದ್ದೇವೆ. ಆ ಪುಟ್ಟ ಕನ್ನಡ ಅಕ್ಷರಗಳನ್ನು ಹತ್ತಿರದಿಂದ ಓದಿ. ಸ್ಕ್ಯಾನ್ ಮಾಡಿ ಒತ್ತಿದ ನೋಟಿನಲ್ಲಿ ಅಕ್ಷರದ ಸುಳಿ, ಒತ್ತು ಎಲ್ಲ ಕಲಸಿಹೋಗಿರುತ್ತದೆ. ಇಂಗ್ಲಿಷ್ ಗೊತ್ತಿಲ್ಲದ ನಮ್ಮ ಕೆಲಸದವರಿಗೆ ನಾನು ಇದನ್ನೇ ಹೇಳಿಕೊಟ್ಟಿದ್ದೇನೆ.

ನೇರಳಾತೀತ (ಯುವಿ) ಬೆಳಕಿನ ಸಣ್ಣ ಟಾರ್ಚು ಕೊಂಡರೆ ಒಳ್ಳೆಯದು. ಅಸಲಿ ಕಾಗದ ಅದರಡಿ ಮಂಕಾಗಿಯೇ ಇರುತ್ತದೆ, ನಂಬರ್ ಮತ್ತು ಕಾಗದದಲ್ಲಿ ಚದುರಿದ ಸಣ್ಣ ಎಳೆಗಳು ಹೊಳೆಯುತ್ತವೆ. ಬಿಳಿ ಕಾಪಿ ಕಾಗದವಾದರೆ ಇಡೀ ನೋಟು ನೀಲಿಯಾಗಿ ಬೆಳಗುತ್ತದೆ. ಆದರೆ ಅಂಗಿಯ ಜೇಬಲ್ಲಿ ಉಳಿದು ಸೋಪಿನ ಪುಡಿಯಲ್ಲಿ ಒಗೆದುಹೋದ ಒಳ್ಳೆ ನೋಟೂ ಹಾಗೇ ಬೆಳಗುತ್ತದೆ. ಅದಕ್ಕೇ ಟಾರ್ಚನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ವಾಟ್ಸಾಪಿನಲ್ಲಿ ಸುಮ್ನೆ ಹರಡುವ ಎರಡು ಸುಳ್ಳು ನಂಬಬೇಡಿ. ನಂಬರಿನ ನಡುವೆ ನಕ್ಷತ್ರ ಇದ್ದರೆ ನಕಲಿ ಅನ್ನುತ್ತಾರೆ. ಅಚ್ಚಾಗುವಾಗ ಕೆಟ್ಟ ನೋಟಿನ ಬದಲಿಗೆ ಹಾಕಿದ ನೋಟು ಅದು, ಪೂರ್ತಿ ಅಸಲಿ. 2023ರಲ್ಲಿ ರಿಸರ್ವ್ ಬ್ಯಾಂಕೇ ಇದನ್ನು ಸ್ಪಷ್ಟವಾಗಿ ಹೇಳಿದೆ. ಹಸಿರು ಪಟ್ಟಿ ಗಾಂಧೀಜಿಯ ಹತ್ತಿರ ಇದ್ದರೆ ನಕಲಿ ಅನ್ನುವುದೂ ಸುಳ್ಳು.

ಸಿಕ್ಕಿಬಿದ್ದ ನೋಟನ್ನು ಏನು ಮಾಡಬೇಕು? ಎದುರಿಗಿದ್ದವರಿಗೆ "ಬೇರೆ ನೋಟು ಕೊಡಿ" ಅಂತ ಮೆಲ್ಲಗೆ ಕೇಳಿ. ಕೊಟ್ಟವರೂ ಮೋಸ ಹೋದವರೇ ಇರಬಹುದು. ಜೋರು ಮಾಡಬೇಡಿ. ಆಗಲೇ ನಿಮ್ಮ ಪೆಟ್ಟಿಗೆ ಸೇರಿದ್ದರೆ ಬ್ಯಾಂಕಿಗೆ ಕೊಡಿ. ಅವರು ಮುದ್ರೆ ಒತ್ತಿ ಇಟ್ಟುಕೊಳ್ಳುತ್ತಾರೆ, ದುಡ್ಡು ಕೊಡುವುದಿಲ್ಲ, ನೋಟನ್ನು ವಾಪಸ್ಸೂ ಕೊಡುವುದಿಲ್ಲ. ರಸೀದಿ ಮಾತ್ರ ಕೇಳಿ ತೆಗೆದುಕೊಳ್ಳಿ, ಅದು ನಿಮ್ಮ ಹಕ್ಕು. ಒಂದು ಸಲಕ್ಕೆ 4 ನೋಟಿನವರೆಗೆ ಇದ್ದರೆ ಬ್ಯಾಂಕು ತಿಂಗಳ ಕೊನೆಗೆ ಪೊಲೀಸರಿಗೆ ವರದಿ ಕೊಡುತ್ತದೆ. 5 ಅಥವಾ ಹೆಚ್ಚಿದ್ದರೆ ಕೂಡಲೇ ದೂರು ಹೋಗುತ್ತದೆ.

"ಕತ್ತಲಾದ ಮೇಲೆ ಬಸ್ಸಿನಲ್ಲಿ ಕೊಟ್ಟುಬಿಡು" ಅಂತ ನನಗೂ ಒಬ್ಬರು ಹೇಳಿದ್ದರು. ನಾನು ಕೊಡಲಿಲ್ಲ. ಆ ಕಂಡಕ್ಟರ್ ರಾತ್ರಿ ಲೆಕ್ಕ ಒಪ್ಪಿಸುವಾಗ ತನ್ನ ಕೈಯಿಂದ 500 ತುಂಬಬೇಕು. ಕಾನೂನೂ ಹಾಗೇ ಇದೆ. ನಕಲಿ ಅಂತ ಗೊತ್ತಿದ್ದೂ ಚಲಾಯಿಸಿದರೆ ಭಾರತೀಯ ನ್ಯಾಯ ಸಂಹಿತೆಯ 179ನೇ ಸೆಕ್ಷನ್ ಪ್ರಕಾರ 10 ವರ್ಷದವರೆಗೆ, ಇಲ್ಲವೇ ಜೀವಾವಧಿ ಶಿಕ್ಷೆ ಆಗಬಹುದು.

ಇನ್ನು ಗುರುತಿನ ಚೀಟಿ. ನೋಟಿನ ಹಾಗೇ ಇದರಲ್ಲೂ ನಕಲಿ ಇರುತ್ತದೆ. ಅಂಗಡಿಯ ಮಹಡಿಯಲ್ಲಿ ಎರಡು ಕೋಣೆ ಬಾಡಿಗೆಗೆ ಕೊಡುತ್ತೇವೆ. ಹೊರ ರಾಜ್ಯದಿಂದ ತೋಟದ ಕೆಲಸಕ್ಕೆ ಬರುವವರು ಇರುತ್ತಾರೆ. ಒಮ್ಮೆ ಒಬ್ಬ ಹುಡುಗ ಆಧಾರ್ ಕೊಟ್ಟ. ಹೆಸರು, ಫೋಟೋ ಎಲ್ಲ ಸರಿ. ಕ್ಯೂಆರ್ ಸ್ಕ್ಯಾನ್ ಮಾಡಿದರೆ ಮೊಬೈಲಿನಲ್ಲಿ ಬಂದದ್ದು ಬೇರೆ ಹೆಸರು, ನಡುವಯಸ್ಸಿನ ಇನ್ಯಾರದೋ ಮುಖ. ಯಾರದ್ದೋ ಕಾರ್ಡಿನ ಮೇಲೆ ಅವನ ವಿವರ ಕೂರಿಸಿದ್ದರು.

ಕಾರ್ಡಿನ ಮೇಲಿನ ಅಕ್ಷರವನ್ನು ಯಾರು ಬೇಕಾದರೂ ಮುದ್ರಿಸಬಹುದು. ಕ್ಯೂಆರ್ ಒಳಗಿನ ಮಾಹಿತಿಗೆ ಮಾತ್ರ ಆಧಾರ್ ಕೊಡುವ ಸಂಸ್ಥೆಯಾದ ಯುಐಡಿಎಐನ ಡಿಜಿಟಲ್ ಸಹಿ ಇರುತ್ತದೆ. ಒಳಗೆ ಒಂದು ಅಕ್ಷರ ಬದಲಿಸಿದರೂ ಆ ಸಹಿ ತಾಳೆಯಾಗುವುದಿಲ್ಲ. ಹಾಗಾಗಿ ಯುಐಡಿಎಐನದೇ ಆಪ್‌ನಲ್ಲಿ ಸ್ಕ್ಯಾನ್ ಮಾಡಿ, ಅಲ್ಲಿ ಬಂದ ಮುಖವನ್ನು ಎದುರಿಗಿರುವ ಮನುಷ್ಯನ ಮುಖಕ್ಕೆ ಹೋಲಿಸಿ, ಕಾರ್ಡಿನ ಫೋಟೋಗಲ್ಲ. ಇನ್ನೊಂದು ಸಣ್ಣ ಗುರುತು: ಆಧಾರ್ ನಂಬರ್ 0 ಅಥವಾ 1ರಿಂದ ಶುರುವಾಗುವುದಿಲ್ಲ. ಪ್ಯಾನ್ ಆದರೆ, ವ್ಯಕ್ತಿಯದ್ದಾದರೆ ನಾಲ್ಕನೇ ಅಕ್ಷರ 'ಪಿ' ಇರಲೇಬೇಕು.

ಹೆಸರಿನ ಅಕ್ಷರ ಹೊಂದಲಿಲ್ಲ ಅಂದ ಮಾತ್ರಕ್ಕೆ ಅನುಮಾನ ಪಡಬೇಡಿ. ನಮ್ಮ ಕಾಸರಗೋಡಿನಲ್ಲಿ ಇದು ಮನೆಮನೆಯ ಕಥೆ. ಶಾಲೆಯ ಸರ್ಟಿಫಿಕೇಟು ಕನ್ನಡದ ಉಚ್ಚಾರದಲ್ಲಿ, ರೇಷನ್ ಕಾರ್ಡು ಮಲಯಾಳದಲ್ಲಿ, ಪ್ಯಾನ್ ಇಂಗ್ಲಿಷಿನಲ್ಲಿ. ಒಂದೇ ಹೆಸರು ಮೂರು ತರ ಆಗಿರುತ್ತದೆ. ಅದು ಮೋಸವಲ್ಲ, ನಾವು ಗಡಿಯಲ್ಲಿರುವುದರ ಕಷ್ಟ.

ನಿಮ್ಮ ಆಧಾರ್ ಕೊಡುವಾಗ ನಂಬರಿನ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಜೆರಾಕ್ಸ್ ಕೊಡಲೇಬೇಕಾದರೆ ಅದರ ಮೇಲೆ ಅಡ್ಡಲಾಗಿ ಯಾತಕ್ಕೆ, ಯಾರಿಗೆ, ಯಾವ ದಿನ ಅಂತ ಪೆನ್ನಲ್ಲಿ ಬರೆಯಿರಿ. ಅಕ್ಷಯ ಕೇಂದ್ರದಲ್ಲೋ (ಕೇರಳದ ಸರ್ಕಾರಿ ಸೇವೆಗಳ ಕೇಂದ್ರ) ಜೆರಾಕ್ಸ್ ಅಂಗಡಿಯಲ್ಲೋ ಇ-ಆಧಾರ್, ಅಂದರೆ ಆಧಾರ್‌ನ ಕಂಪ್ಯೂಟರ್ ಫೈಲು, ಪ್ರಿಂಟ್ ತೆಗೆಸಿದರೆ, ಅವರ ಕಂಪ್ಯೂಟರಿನಿಂದ ಫೈಲನ್ನು ನಿಮ್ಮೆದುರೇ ಅಳಿಸಲು ಹೇಳಿ. ಆ ಫೈಲಿನ ಪಾಸ್‌ವರ್ಡ್ ನಿಮ್ಮ ಹೆಸರಿನ ಮೊದಲ 4 ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ ಅಷ್ಟೇ. ಊರಿನವರಿಗೆಲ್ಲ ಗೊತ್ತಿರುವ ವಿಷಯ ಅದು.

ಅಪ್ಪನ ಆಧಾರ್‌ನ ಬೆರಳಚ್ಚನ್ನು ನಾನು ಲಾಕ್ ಮಾಡಿಟ್ಟಿದ್ದೇನೆ. ಬೆರಳಚ್ಚು ಒತ್ತಿ ಖಾತೆಯಿಂದ ಹಣ ತೆಗೆಯುವ ವ್ಯವಸ್ಥೆಯಲ್ಲಿ ಓಟಿಪಿ ಬರುವುದಿಲ್ಲ. ಕಣ್ಣು ಕಾಣದವರ ಬೆರಳನ್ನು ಯಾರು ಯಾವ ಮೆಷಿನಿನ ಮೇಲೆ ಇಟ್ಟರು ಅಂತ ಗೊತ್ತಾಗುವುದು ಹೇಗೆ? ರೇಷನ್ ತರುವ ದಿನ ಮೊಬೈಲಿನಲ್ಲಿ ಲಾಕ್ ತೆಗೆದು, ಅವರನ್ನು ಕರೆದುಕೊಂಡು ಹೋಗುತ್ತೇನೆ. ಕೆಲಸ ಮುಗಿದ ಮೇಲೆ ಮತ್ತೆ ಲಾಕ್ ಆಯಿತಾ ಅಂತ ಅಂಗಡಿ ಮೆಟ್ಟಿಲಲ್ಲೇ ನಿಂತು ನೋಡುತ್ತೇನೆ. ಆಧಾರ್ ಬಗ್ಗೆ ಏನೇ ಸಂಶಯ ಇದ್ದರೂ 1947ಕ್ಕೆ ಕರೆ ಮಾಡಿ. ಖಾತೆಯಿಂದ ದುಡ್ಡು ಹೋದದ್ದು ಗೊತ್ತಾದ ಕೂಡಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಮಾಡಿ, ಮರುದಿನಕ್ಕೆ ಇಡಬೇಡಿ.