ಡಿಸ್‌ಪ್ಲೇ ಬಾರದ ಎಚ್61 ಬೋರ್ಡುಗಳು: ಬಯಾಸ್ ಚಿಪ್ ಬರೆದು ಎಬ್ಬಿಸಿದ ನನ್ನ ಅನುಭವ

ಗದಗ–ಬೆಟಗೇರಿಯ ಮುದ್ರಣಾಲಯಗಳಲ್ಲಿ ಇಂಟೆಲ್ಲಿನ ಎಚ್61 ಚಿಪ್‌ಸೆಟ್ಟಿನ (ಬೋರ್ಡಿನ ಭಾಗಗಳನ್ನು ಬೆಸೆದು ನಡೆಸುವ ಮುಖ್ಯ ಚಿಪ್ಪಿನ) ಡೆಸ್ಕ್‌ಟಾಪ್‌ಗಳು ಇಂದಿಗೂ ಸಾಕಷ್ಟು ಉಳಿದಿವೆ. 2011ರಲ್ಲಿ ಮಾರುಕಟ್ಟೆಗೆ ಬಂದ ಈ ಮದರ್‌ಬೋರ್ಡುಗಳನ್ನು ಮುದ್ರಕರು ಬಿಡದಿರುವುದಕ್ಕೆ ಜಿಪುಣತನ ಕಾರಣವಲ್ಲ. ವರ್ಷಗಟ್ಟಲೆ ಕೂಡಿಟ್ಟ ಪೇಜ್‌ಮೇಕರ್ ಕಡತಗಳು, ಲಗ್ನಪತ್ರಿಕೆ ಮತ್ತು ಕ್ಯಾಲೆಂಡರಿನ ಮಾದರಿಗಳು, ಪ್ಯಾರಲಲ್ ಪೋರ್ಟಿಗೆ ಚುಚ್ಚಿದ, ಅದಿಲ್ಲದೆ ತಂತ್ರಾಂಶ ತೆರೆಯದ ಲೈಸೆನ್ಸ್ ಡಾಂಗಲ್, ಅದಕ್ಕೆಂದೇ ಉಳಿಸಿಕೊಂಡ ವಿಂಡೋಸ್ ಎಕ್ಸ್‌ಪಿ, ಇವೆಲ್ಲವೂ ಆ ಒಂದು ಬೋರ್ಡಿನ ಮೇಲೆ ನಿಂತಿರುತ್ತವೆ. ಇಂಥ ಯಂತ್ರದಲ್ಲಿ ಫ್ಯಾನ್ ತಿರುಗಿಯೂ ಪರದೆ ಕಪ್ಪಾಗಿಯೇ ಉಳಿದರೆ, "ಬೋರ್ಡ್ ಹೋಗೇತ್ರಿ ಸಾವ್ಕಾರ್ರ, ಹೊಸಾದು ಹಾಕಸ್ರಿ" ಎಂಬುದು ನಮ್ಮ ಕಸುಬಿನವರ ಬಾಯಿಂದ ಬರುವ ಮೊದಲ ಮಾತು. ನನ್ನ ಮೇಜಿಗೆ ಹಾಗೆ ಬಂದ ಬೋರ್ಡುಗಳಲ್ಲಿ, ನೆನಪಿನಿಂದ ಹೇಳುವುದಾದರೆ, ಹತ್ತಕ್ಕೆ ನಾಲ್ಕರಲ್ಲಿ ಕೆಟ್ಟದ್ದು ಬೋರ್ಡಲ್ಲ, ಯಂತ್ರವನ್ನು ಮೊದಲು ಎಬ್ಬಿಸುವ ತಂತ್ರಾಂಶವಿರುವ ಬಯಾಸ್ ಚಿಪ್ಪಿನೊಳಗಿನ ಬರಹ.

ಇದನ್ನು ಹೇಳಿದಾಗ ಹುಬ್ಬಳ್ಳಿಯ ಸಹೋದ್ಯೋಗಿಗಳು ನಕ್ಕರು. ಚಿಪ್ ಬರೆಯುವುದು ಲ್ಯಾಪ್‌ಟಾಪ್ ರಿಪೇರಿಯವರ ಕೆಲಸ. ಎರಡೂವರೆ ಸಾವಿರಕ್ಕೆ ಹೊಸ ಎಚ್61 ಬೋರ್ಡು ಬೆಂಗಳೂರಿನ ಎಸ್.ಪಿ. ರೋಡಿನಿಂದ ಬಸ್ಸಿನ ಪಾರ್ಸೆಲ್ಲಿನಲ್ಲಿ ಬಂದುಬೀಳುವಾಗ ಡೆಸ್ಕ್‌ಟಾಪಿಗೆ ಯಾರು ಅಷ್ಟು ಹೊತ್ತು ಕೂಡುತ್ತಾರೆ ಎಂಬುದು ಅವರ ವಾದವಾಗಿತ್ತು. ಲೆಕ್ಕ ಮೇಲ್ನೋಟಕ್ಕೆ ಸರಿಯೇ. ಆದರೆ ಆ ಅಗ್ಗದ ಬೋರ್ಡುಗಳಲ್ಲಿ ಬಹುಪಾಲಿಗೆ ಪ್ಯಾರಲಲ್ ಪೋರ್ಟ್ ಇಲ್ಲ, ಎಕ್ಸ್‌ಪಿಯ ಡ್ರೈವರುಗಳನ್ನು ಹೊಂದಿಸುವುದಕ್ಕೆ ಒಂದು ದಿನ ಹೋಗುತ್ತದೆ, ಆ ದಿನ ಮುದ್ರಣಾಲಯದ ಕೆಲಸವೂ ನಿಲ್ಲುತ್ತದೆ ಎಂಬುದನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ.

ರ‍್ಯಾಮ್ ತೆಗೆದು ರಬ್ಬರಿನಿಂದ ಉಜ್ಜುವುದು, ಸಿಎಂಒಎಸ್ ಬ್ಯಾಟರಿ ಬದಲಿಸುವುದು, ಜಂಪರ್ ಹಾಕಿ ಕ್ಲಿಯರ್ ಮಾಡುವುದು, ನಾಲ್ಕು ಪಿನ್ನಿನ 12 ವೋಲ್ಟ್ ಕನೆಕ್ಟರ್ ನೋಡುವುದು ನಮ್ಮ ಕಸುಬಿನವರಿಗೆಲ್ಲ ಗೊತ್ತಿರುವ ಕಾರಣ ಅವುಗಳ ವಿವರಕ್ಕೆ ಹೋಗುವುದಿಲ್ಲ. ಅವುಗಳ ನಂತರ ನಮ್ಮ ಕಡೆ ಬಹಳ ಜನ ಹಿಡಿಯುವ ದಾರಿ ಚಿಪ್‌ಸೆಟ್ಟಿಗೆ ಬಿಸಿಗಾಳಿ ಕೊಡುವುದು. ಆ ದಾರಿಯನ್ನು ನಾನೂ ಒಂದು ಬೇಸಿಗೆಯುದ್ದಕ್ಕೂ ಪರೀಕ್ಷಿಸಿ ನೋಡಿದ್ದೇನೆ. ಬಿಸಿ ಕೊಟ್ಟ ಬೋರ್ಡಿನಲ್ಲಿ ಡಿಸ್‌ಪ್ಲೇ ಬರುತ್ತದೆ, ಗ್ರಾಹಕ ಸಂತೋಷದಿಂದ ಹಣ ಕೊಡುತ್ತಾನೆ, ಎರಡು ಮೂರು ವಾರಗಳಲ್ಲಿ ಅದೇ ಬೋರ್ಡ್ ಅದೇ ಸ್ಥಿತಿಯಲ್ಲಿ ಮರಳಿ ಬರುತ್ತದೆ. ಆ ಬೇಸಿಗೆಯಲ್ಲಿ ಹೀಗೆ ಹಿಂದಿರುಗಿಸಿದ ಹಣ ಎಂಟು ಸಾವಿರಕ್ಕೆ ಕಡಿಮೆ ಇರಲಾರದು.

ಈಗ ನಾನು ಅನುಸರಿಸುವ ಕ್ರಮದಲ್ಲಿ ಮೊದಲಿನದು ಬಿಡಿಭಾಗಗಳ ಬದಲಾವಣೆಯಲ್ಲ, ಮಲ್ಟಿಮೀಟರ್. ಎಸ್‌ಎಂಪಿಎಸ್ (ಬೋರ್ಡಿಗೆ ವಿದ್ಯುತ್ ಕೊಡುವ ಪೆಟ್ಟಿಗೆ) ಫ್ಯಾನ್ ತಿರುಗುವುದರಿಂದ ಏನೂ ಸಿದ್ಧವಾಗುವುದಿಲ್ಲ. ನೇರಳೆ ತಂತಿಯಲ್ಲಿ ಸದಾ 5 ವೋಲ್ಟ್ ಇರಬೇಕು. ಗುಂಡಿ ಒತ್ತಿದ ಅರ್ಧ ಸೆಕೆಂಡಿನೊಳಗೆ ಬೂದು ತಂತಿಯೂ 5 ವೋಲ್ಟಿನ ಹತ್ತಿರ ಏರಬೇಕು. ಬೂದು ತಂತಿ ಏರದಿದ್ದರೆ ಬೋರ್ಡ್ ರಿಸೆಟ್ ಸ್ಥಿತಿಯಲ್ಲಿಯೇ ನಿಲ್ಲುತ್ತದೆ, ಫ್ಯಾನುಗಳು ಮಾತ್ರ ತಿರುಗುತ್ತಿರುತ್ತವೆ. ಬರಿದೇ ಅಳೆದಾಗ ಸರಿಯಾಗಿರುವ 12 ವೋಲ್ಟ್, ಬೋರ್ಡಿಗೆ ಜೋಡಿಸಿ ಅಳೆದಾಗ 11ಕ್ಕೆ ಇಳಿಯುವುದನ್ನು ಹಳೆಯ ಎಸ್‌ಎಂಪಿಎಸ್‌ಗಳಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ, 11.4ಕ್ಕಿಂತ ಕೆಳಗೆ ಬಂದರೆ ಅದನ್ನು ತೆಗೆದಿಡುತ್ತೇನೆ. ಅನಂತರ ರ‍್ಯಾಮ್ ಸ್ಲಾಟಿನ ಬಳಿ 1.5 ವೋಲ್ಟ್, ಪ್ರೊಸೆಸರಿನ ಕಾಯಿಲ್‌ಗಳಲ್ಲಿ 1 ವೋಲ್ಟಿನ ಆಸುಪಾಸು ಇದೆಯೇ ಎಂದು ನೋಡಿದರೆ ಹತ್ತು ನಿಮಿಷದಲ್ಲಿ ಅರ್ಧ ಕೇಸುಗಳು ತೀರ್ಮಾನವಾಗುತ್ತವೆ.

ವೋಲ್ಟೇಜುಗಳೆಲ್ಲ ಸರಿಯಿದ್ದು ಡಿಸ್‌ಪ್ಲೇ ಮಾತ್ರ ಇಲ್ಲದಿದ್ದರೆ ನನ್ನ ಗಮನ ಎಂಟು ಕಾಲಿನ ಬಯಾಸ್ ಚಿಪ್ಪಿನ ಕಡೆಗೆ ಹೋಗುತ್ತದೆ. ಇಲ್ಲಿ, ಯಂತ್ರ ಏಳುವ ಹಂತವನ್ನು ಕೋಡಿನಲ್ಲಿ ತೋರಿಸುವ ಪಿಸಿಐ ಡಿಬಗ್ ಕಾರ್ಡನ್ನು ನಂಬಿ ಕೂಡುವವರು ಬಹಳ. ಎಚ್61 ಚಿಪ್‌ಸೆಟ್ಟಿನಲ್ಲಿ ಪಿಸಿಐ ಇಲ್ಲ. ಬೋರ್ಡಿನ ಮೇಲೆ ಕಾಣುವ ಪಿಸಿಐ ಸ್ಲಾಟ್ ಬೇರೊಂದು ಬ್ರಿಡ್ಜ್ ಚಿಪ್ಪಿನ ಮೂಲಕ ಬಂದದ್ದಾದ್ದರಿಂದ ಆ ಕಾರ್ಡಿನಲ್ಲಿ ಕೋಡ್ ಮೂಡದಿದ್ದರೆ ಪ್ರೊಸೆಸರ್ ಸತ್ತಿದೆ ಎಂದು ಹೇಳಲು ಬರುವುದಿಲ್ಲ. ನಾನು ಸುಮಾರು ಎರಡು ಸಾವಿರ ಕೊಟ್ಟು ಕೊಂಡ, ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಚಿಕ್ಕ ಆಸಿಲೋಸ್ಕೋಪ್ ಬಳಸುತ್ತೇನೆ. ಅದರ ಶಕ್ತಿ ಕೇವಲ 200 ಕಿಲೋಹರ್ಟ್ಸ್ ಆದ್ದರಿಂದ ಆರನೆಯ ಪಿನ್ನಿನ ಕ್ಲಾಕ್ ಅಲೆಯನ್ನು ಅದು ತೋರಿಸಲಾರದು. ಆದರೆ ಗುಂಡಿ ಒತ್ತಿದೊಡನೆ ಒಂದನೆಯ ಪಿನ್ನಿನ ಗೆರೆ ಕೆಳಗಿಳಿಯುತ್ತದೆಯೇ ಎಂಬುದನ್ನು ತೋರಿಸುವುದಕ್ಕೆ ಅಷ್ಟು ಸಾಕು. ಗೆರೆ ಕದಲಿದರೆ ಚಿಪ್‌ಸೆಟ್ ಜೀವಂತವಿದ್ದು ಬಯಾಸ್ ಓದಲು ಯತ್ನಿಸುತ್ತಿದೆ ಎಂದೇ ಅರ್ಥ, ಮತ್ತು ಆ ಬೋರ್ಡನ್ನು ನಾನು ಕೆಟ್ಟಿದೆಯೆಂದು ಗ್ರಾಹಕನಿಗೆ ಹಿಂದಿರುಗಿಸುವುದಿಲ್ಲ.

ಚಿಪ್ಪಿನೊಳಗೆ ಬಯಾಸ್ ಬರೆಯುವುದಕ್ಕೆ ಸಿಎಚ್341ಎ ಪ್ರೋಗ್ರಾಮರ್ ಎಂಬ ಚಿಕ್ಕ ಸಾಧನ ಸಾಕು. ಕ್ಲಿಪ್ ಮತ್ತು ಅಡಾಪ್ಟರ್ ಸೇರಿ ಏಳುನೂರು ರೂಪಾಯಿಯೊಳಗೆ ಬಂದಿತ್ತು. ಆದರೆ ಕಪ್ಪು ಬಣ್ಣದ ಆ ಅಗ್ಗದ ಮಾದರಿಯಲ್ಲಿ ಚಿಪ್ಪಿಗೆ 3.3 ವೋಲ್ಟ್ ಕೊಟ್ಟರೂ ಡೇಟಾ ತಂತಿಗಳಲ್ಲಿ 5 ವೋಲ್ಟ್ ಹರಿಯುತ್ತದೆ. ಅದನ್ನು ತಿದ್ದದೆ ಬಳಸಬಾರದು. ಚಿಪ್ಪಿನ ಹೆಸರಿನ ಕೊನೆಯನ್ನೂ ನೋಡಬೇಕು: ಡಬ್ಲ್ಯು25ಕ್ಯು64 ಎಂಬ ಅದೇ 8 ಎಂಬಿ ಚಿಪ್ಪು ಎಫ್‌ವಿ ಎಂದಿದ್ದರೆ 3.3 ವೋಲ್ಟಿನದು, ಎಫ್‌ಡಬ್ಲ್ಯು ಎಂದಿದ್ದರೆ 1.8 ವೋಲ್ಟಿನದು.

ಬೋರ್ಡಿನ ಮೇಲೆಯೇ ಕ್ಲಿಪ್ ಕಚ್ಚಿಸಿ ಓದುವ ವಿಧಾನ ಬಹಳ ಕಾಡಿತು. ಪ್ರೋಗ್ರಾಮರ್ ಕೊಡುವ ವಿದ್ಯುತ್ತನ್ನು ಚಿಪ್‌ಸೆಟ್ಟೂ ಎಳೆದುಕೊಳ್ಳುವುದರಿಂದ, ಮೂರು ಬಾರಿ ಓದಿದರೆ ಮೂರು ಬೇರೆ ಕಡತಗಳು ಬರುತ್ತಿದ್ದವು. ಬ್ಯಾಟರಿ ತೆಗೆದರೂ, ತಂತಿ ಗಿಡ್ಡ ಮಾಡಿದರೂ ಕೆಲವು ಬೋರ್ಡುಗಳು ಬಗ್ಗಲಿಲ್ಲ. ಕೊನೆಗೆ ಬಿಸಿಗಾಳಿಯಿಂದ ಚಿಪ್ ಬಿಚ್ಚಿ, ಸಾಕೆಟ್ಟಿನಲ್ಲಿಟ್ಟು ಓದುವುದೇ ಖಚಿತವೆಂದು ಕಂಡಿತು. ಈಗ ಬಿಚ್ಚದೆಯೇ ಹೆಚ್ಚಿನ ಬೋರ್ಡುಗಳನ್ನು ಓದಿಸುವ ಉಪಾಯವೊಂದು ಕೈಗೆ ಹತ್ತಿದೆ. ಅದು ನನ್ನ ಹೊಟ್ಟೆಪಾಡಿನ ವಿಷಯವಾದ್ದರಿಂದ ಇಲ್ಲಿ ಬರೆಯುವುದಿಲ್ಲ.

ಹಳೆಯ ಬರಹವನ್ನು ಓದಿ, ಎರಡು ಪ್ರತಿಗಳು ಅಕ್ಷರಶಃ ಹೊಂದುವವರೆಗೆ ಅಳಿಸಬಾರದು. ಕಂಪನಿಯ ತಾಣದಿಂದ ಇಳಿಸಿದ ಫೈಲನ್ನು ಹಾಗೆಯೇ ತುಂಬುವುದೂ ಎಲ್ಲ ಬೋರ್ಡುಗಳಿಗೆ ಒಗ್ಗುವುದಿಲ್ಲ. ಸಿಎಪಿ ಎಂದು ಕೊನೆಯಾಗುವ ಫೈಲುಗಳಲ್ಲಿ ತಲೆಗೆ 2,048 ಬೈಟುಗಳ ಶೀರ್ಷಿಕೆ ಇರುತ್ತದೆ. ಅದನ್ನು ಕತ್ತರಿಸದಿದ್ದರೆ ಎಲ್ಲವೂ ಸ್ಥಾನ ತಪ್ಪುತ್ತದೆ. ಬೇರೆ ಬೋರ್ಡಿನಿಂದ ಎತ್ತಿದ ಪ್ರತಿಯನ್ನು ತುಂಬಿದರೆ ಡಿಸ್‌ಪ್ಲೇ ಬಂದರೂ ಕೆಲವು ಮಾದರಿಗಳಲ್ಲಿ ಎರಡು ಯಂತ್ರಗಳಿಗೆ ಒಂದೇ ನೆಟ್‌ವರ್ಕ್ ವಿಳಾಸ ಬಂದು ಮುದ್ರಣಾಲಯದ ಪ್ರಿಂಟರ್ ಹಂಚಿಕೆ ಗೊಂದಲಕ್ಕೆ ಬೀಳುತ್ತದೆ. ಇದಕ್ಕಿಂತ ಹೆಚ್ಚು ತಲೆಕೆಡಿಸಿದ್ದು ಅರ್ಧ ಗಂಟೆಯ ರೋಗ. ಬಯಾಸ್ ಬರೆದ ಯಂತ್ರವೊಂದು ಚೆನ್ನಾಗಿ ಎದ್ದು, ಸರಿಯಾಗಿ ಮೂವತ್ತು ನಿಮಿಷಕ್ಕೆ ತಾನೇ ಆರಿಹೋಗುತ್ತಿತ್ತು. ಪ್ರೊಸೆಸರಿನ ಪೇಸ್ಟ್, ಎಸ್‌ಎಂಪಿಎಸ್, ರ‍್ಯಾಮ್ ಎಲ್ಲವನ್ನೂ ಬದಲಿಸಿದ ಮೇಲೆ ತಿಳಿದದ್ದು, ಅದೇ ಚಿಪ್ಪಿನ ಬರಹದೊಳಗಿರುವ ಇಂಟೆಲ್ಲಿನ ಮ್ಯಾನೇಜ್‌ಮೆಂಟ್ ಎಂಜಿನ್ ಭಾಗ ಕೆಟ್ಟಿದ್ದರೆ ಯಂತ್ರ ಹೀಗೆ ಆರುತ್ತದೆ ಎಂಬುದು. ಆ ಭಾಗವನ್ನು ಶುದ್ಧ ಪ್ರತಿಯಿಂದ ತುಂಬಿದ ಮೇಲೆ ಯಂತ್ರ ಇಡೀ ದಿನ ನಿಂತಿತು. ಒಳ್ಳೆಯ ಫೈಲುಗಳ ನನ್ನ ಸಂಗ್ರಹದಲ್ಲಿ ಈಗ ನೂರರ ಹತ್ತಿರ ಮಾದರಿಗಳಿವೆ. ನಕ್ಕ ಮಿತ್ರರೇ ಈಗ ಅವನ್ನು ಕೇಳಿ ಫೋನ್ ಮಾಡುತ್ತಾರೆ.

ಇದೇ ವಿದ್ಯೆ ಇನ್ನೊಂದಕ್ಕೂ ನೆರವಾಯಿತು. ಹಳೆಯ ಬಯಾಸ್ ಇರುವ ಎಚ್61 ಬೋರ್ಡಿಗೆ 2012ರ ಮೂರನೆಯ ತಲೆಮಾರಿನ ಪ್ರೊಸೆಸರ್ ಹಾಕಿದರೆ ಡಿಸ್‌ಪ್ಲೇ ಬರುವುದಿಲ್ಲ. ಸಾಮಾನ್ಯವಾಗಿ ಹಳೆಯ ಪ್ರೊಸೆಸರನ್ನು ಎಲ್ಲಿಂದಲಾದರೂ ತಂದು ಅಪ್‌ಡೇಟ್ ಮಾಡಬೇಕಾಗುತ್ತದೆ. ಚಿಪ್ಪಿಗೇ ಹೊಸ ಬಯಾಸನ್ನೂ ಮ್ಯಾನೇಜ್‌ಮೆಂಟ್ ಎಂಜಿನ್ನಿನ 8ನೇ ಆವೃತ್ತಿಯನ್ನೂ ಬರೆದರೆ ಆ ಹುಡುಕಾಟ ತಪ್ಪುತ್ತದೆ. ಒಂದೂವರೆ ಸಾವಿರದ ಹಳೆಯ ಐ5 ಹಾಕಿ ಎಷ್ಟೋ ಯಂತ್ರಗಳ ವೇಗ ಹೆಚ್ಚಿಸಿದ್ದೇನೆ.

ಬ್ಯಾಡಗಿಯ ಮೆಣಸಿನಕಾಯಿ ವರ್ತಕರ ಯಂತ್ರಗಳು ಮಾತ್ರ ಈ ಕ್ರಮಕ್ಕೆ ಒಗ್ಗಲಿಲ್ಲ. ಜನವರಿಯಿಂದ ಮೇವರೆಗಿನ ಸುಗ್ಗಿಯಲ್ಲಿ ಕೆಂಪು ಧೂಳು ರ‍್ಯಾಮ್ ಸ್ಲಾಟಿನ ಹಲ್ಲುಗಳ ನಡುವೆ ಎಣ್ಣೆಯಂಶದೊಡನೆ ಅಂಟಿ ಕೂಡುತ್ತದೆ. ಬ್ಲೋಅರ್ ಹಿಡಿದರೆ ಅಂಗಡಿಯಲ್ಲಿದ್ದವರೆಲ್ಲ ಸೀನುತ್ತ ಬೀದಿಗೆ ಓಡುತ್ತಾರೆ, ಧೂಳು ಮಾತ್ರ ಅಲ್ಲಿಯೇ ಉಳಿಯುತ್ತದೆ. ಪೆಟ್ರೋಲಿನಿಂದ ತೊಳೆದರೆ ಪ್ಲಾಸ್ಟಿಕ್ ಬೆಳ್ಳಗಾಯಿತು. ಬರೀ ನೀರಿಗೆ ಆ ಜಿಡ್ಡು ಬಿಡಲಿಲ್ಲ. ಬ್ಯಾಟರಿ ಮತ್ತು ಪ್ರೊಸೆಸರ್ ತೆಗೆದು, ಸಾಕೆಟ್ಟಿಗೆ ಮುಚ್ಚಳ ಹಾಕಿ, ಮೆದು ಬ್ರಷ್ಷಿನಿಂದ ಸೋಪಿನ ನೀರಿನಲ್ಲಿ ತೊಳೆದು, ಬಟ್ಟಿ ಇಳಿಸಿದ ನೀರಿನಲ್ಲಿ ಜಾಲಾಡಿ, ಐಸೊಪ್ರೊಪೈಲ್ ಆಲ್ಕೋಹಾಲ್ ಸುರಿದು ಏಪ್ರಿಲ್ ಬಿಸಿಲಿಗೆ ಒಂದು ದಿನವಿಟ್ಟಾಗ, ಸತ್ತವೆಂದು ತಂದ ಬೋರ್ಡುಗಳಲ್ಲಿ ಮುಕ್ಕಾಲು ಪಾಲು ಚಿಪ್ ಮುಟ್ಟುವ ಮೊದಲೇ ಎದ್ದವು.

ಹೊಸ ಯಂತ್ರಗಳಲ್ಲಿ ಡಿಸ್‌ಪ್ಲೇ ಇಲ್ಲವೆಂದು ತರುವವರ ಸಮಸ್ಯೆ ಹೆಚ್ಚಾಗಿ ಬೇರೆಯೇ. ಪ್ರೊಸೆಸರಿನ ಹೆಸರಿನ ಕೊನೆಗೆ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ; ಬೋರ್ಡಿನ ಎಚ್‌ಡಿಎಂಐಗೆ ತಂತಿ ಹಾಕಿದರೆ ಏನೂ ಕಾಣುವುದಿಲ್ಲ. ತೀರಾ ಹಳೆಯ ಗ್ರಾಫಿಕ್ಸ್ ಕಾರ್ಡನ್ನು, ಅಂಥ ಕಾರ್ಡುಗಳಿಗೆ ಹೊಂದಿಕೊಳ್ಳುವ ಸಿಎಸ್‌ಎಂ ವ್ಯವಸ್ಥೆಯನ್ನು ಆಫ್ ಮಾಡಿದ ಬೋರ್ಡಿಗೆ ಹಾಕಿದರೂ ಅಷ್ಟೇ. ಇಂಥವರಿಂದ ನಾನು ನೋಡಿದ ಖರ್ಚು ನೂರು ರೂಪಾಯಿ ಮಾತ್ರ ತೆಗೆದುಕೊಳ್ಳುತ್ತೇನೆ.

ಬಿಸಿಗಾಳಿ ಯಂತ್ರ, ಸ್ಕೋಪ್, ಪ್ರೋಗ್ರಾಮರ್, ಖಾಲಿ ಚಿಪ್ಪುಗಳು ಸೇರಿ ಹಾಕಿದ ಬಂಡವಾಳ ಎಂಟು ಸಾವಿರದ ಆಚೀಚೆ. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಅದು ಮರಳಿತು. ಬಯಾಸ್ ಬರೆದು ಯಂತ್ರ ಎಬ್ಬಿಸಿಕೊಟ್ಟರೆ 1,200, ಬರೀ ಚಿಪ್ ಬಿಚ್ಚಿ ತಂದುಕೊಡುವ ಕಸುಬಿನವರಿಗೆ 500. ಚಿಪ್‌ಸೆಟ್ ಶಾರ್ಟ್ ಆಗಿ ಗುಂಡಿ ಒತ್ತುವ ಮೊದಲೇ ಕೈಗೆ ಸುಡುವ ಬೋರ್ಡುಗಳನ್ನು ಈಗಲೂ ಮುಟ್ಟುವುದಿಲ್ಲ. ಅವುಗಳಿಂದ ಕಾಯಿಲ್, ಮಾಸ್‌ಫೆಟ್, ಸ್ಲಾಟ್ ಬಿಚ್ಚಿಟ್ಟುಕೊಂಡು ಮುನ್ನೂರು ಕೊಡುತ್ತೇನೆ. ಬೋರ್ಡ್ ತರುವವರು ದಯವಿಟ್ಟು ಪ್ರೊಸೆಸರನ್ನು ಸಾಕೆಟ್ಟಿನಲ್ಲಿಯೇ ಬಿಟ್ಟು ತರಬೇಕು. ಸಾಕೆಟ್ಟಿನ ಪಿನ್ನು ದಾರಿಯಲ್ಲಿ ಬಾಗಿದರೆ ಅದನ್ನು ಸೂಜಿಯಿಂದ ಎತ್ತುವುದಕ್ಕೆ ಬೇರೆ 400 ಬೀಳುತ್ತದೆ.